ನಾಲ್ಕನೇ ಗೇರಿನ ನಮಸ್ಕಾರ

ಮನುಷ್ಯನಿಗೆ ದಿನಕ್ಕೆ ಒಂದು ನಮಸ್ಕಾರವಾದರೂ ಬೀಳಬೇಕು. ಇದನ್ನು ನಾನು ಎಲ್ಲೋ ಓದಿ ಹೇಳುತ್ತಿಲ್ಲ, ಎಷ್ಟೋ ವರ್ಷ ನಮಸ್ಕಾರವಿಲ್ಲದೆ ಬದುಕಿ ನೋಡಿ ಹೇಳುತ್ತಿದ್ದೇನೆ. ಡಾಕ್ಟರಿಗೆ ಕಾಯಿಲೆಯವರು ಕೈ ಮುಗಿಯುತ್ತಾರೆ. ಮೇಷ್ಟರಿಗೆ ಮಕ್ಕಳು ಮುಗಿಯುತ್ತಾರೆ, ಮಕ್ಕಳು ಫೇಲಾಗುವ ಹಾಗಿದ್ದರೆ ಅಪ್ಪ ಅಮ್ಮನೂ ಮುಗಿಯುತ್ತಾರೆ. ಕರೆಂಟ್ ಹೋದ ದಿನ ಲೈನ್‌ಮನ್ನಿಗೆ ಇಡೀ ಓಣಿಯೇ ಕೈ ಮುಗಿದು ನಿಲ್ಲುತ್ತದೆ. ನಾನು ನ್ಯಾಮತಿಯಲ್ಲಿ ಒಂದು ಗ್ರಂಥಾಲಯ ನೋಡಿಕೊಳ್ಳುವವನು. ನನ್ನ ತಲೆಯ ಮೇಲೆ ‘ಮೌನವಾಗಿರಿ’ ಎಂಬ ಬೋರ್ಡಿದೆ. ಜನ ಅದನ್ನು ಎಷ್ಟು ಶ್ರದ್ಧೆಯಿಂದ ಪಾಲಿಸುತ್ತಾರೆಂದರೆ ಬರುವಾಗಲೂ ಮಾತಿಲ್ಲ, ಹೋಗುವಾಗಲೂ ಮಾತಿಲ್ಲ. ಪೇಪರಿನ ಎರಡೂ ಬದಿಗೆ ಎರಡು ಕೈ ಕಾಣುತ್ತವೆ, ಮೇಜಿನ ಕೆಳಗೆ ಎರಡು ಕಾಲು ಕಾಣುತ್ತವೆ, ನಡುವೆ ಮುಖ ಅಂತೊಂದು ಇದೆಯೋ ಇಲ್ಲವೋ ದೇವರೇ ಬಲ್ಲ. ಆರು ತಿಂಗಳಿಂದ ದಿನಾ ಬಂದು ಪರೀಕ್ಷೆಗೆ ಓದುತ್ತಿದ್ದ ಒಬ್ಬ ಯುವಕ ಒಮ್ಮೆ ಸಂತೆಯಲ್ಲಿ ಎದುರಾದ. ನಾನೇ ಮೊದಲು ನಕ್ಕೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಎಲ್ಲೋ ನೋಡಿದಂಗೈತಲ್ರೀ, ನೀವು ಗೊಬ್ಬರದಂಗಡಿಯವ್ರಲ್ವಾ?” ಎಂದ. ಹೌದು ಎಂದು ಹೇಳಿ ಬಂದುಬಿಟ್ಟೆ. ಯಾರೋ ಒಬ್ಬರೆಂದಾದರೂ ಗುರುತು ಸಿಕ್ಕಿತಲ್ಲ ಎನಿಸಿತ್ತು.

ಆದರೆ ರಸ್ತೆಯಲ್ಲಿ ನನ್ನ ಕಥೆಯೇ ಬೇರೆ. ರಸ್ತೆಗಿಳಿದರೆ ನಾನು ನಮಸ್ಕಾರ ಪಡೆಯುವ ಮನುಷ್ಯ. ಅದಕ್ಕೆ ಕಾರಣ ನನ್ನ ಸ್ಕೂಟರ್. ಈಗಿನ ಗುಂಡಿ ಒತ್ತಿದರೆ ಹೊರಡುವ ಸ್ಕೂಟರ್ ಅಲ್ಲ. ಎಡಗೈಯ ಹಿಡಿ ತಿರುಗಿಸಿ ಗೇರ್ ಹಾಕುವ, ಬೆನ್ನಿಗೊಂದು ಸ್ಟೆಪ್ನಿ ಕಟ್ಟಿಕೊಂಡಿರುವ, ಬೆಳಿಗ್ಗೆ ಒಂದು ಪಕ್ಕಕ್ಕೆ ಓರೆ ಮಾಡಿ ಉಪಚರಿಸದಿದ್ದರೆ ಏಳದ ಹಳೇ ಸ್ಕೂಟರ್. ಬಣ್ಣ ಕಾಫಿಪುಡಿಯದು. ಚನ್ನಗಿರಿಯಲ್ಲಿ ನಿವೃತ್ತ ಹೆಡ್‌ಮೇಷ್ಟರೊಬ್ಬರು ಮಾರುತ್ತಾರೆಂದು ತಿಳಿದು ಹೋಗಿ ತಂದದ್ದು. ಅವರು ಉಬ್ರಾಣಿ ಕಡೆಯ ಶಾಲೆಗಳಿಗೆಲ್ಲ ಅದರಲ್ಲೇ ಓಡಾಡಿದವರು. ಕೀಲಿ ಕೊಡುವಾಗ ಮುಂದಿನ ಡಿಕ್ಕಿ ತೆಗೆದು ಒಂದು ಬಟ್ಟೆಯ ಗಂಟು ತೋರಿಸಿದರು. ಒಳಗೆ ಒಂದು ಪ್ಲಗ್ಗು, ಪ್ಲಗ್ಗು ಬಿಚ್ಚುವ ಪಾನಾ, ಮಸಿ ತಿಕ್ಕಲು ಒಂದು ಚೂರು ಉಪ್ಪುಕಾಗದ. “ಇದನ್ನ ತೆಗೀಬ್ಯಾಡಿ. ನಿಮಗೆ ಬೇಕಾಗದೇ ಇದ್ರೂ ದಾರಿಲಿ ಯಾರಿಗಾದ್ರೂ ಬೇಕಾಗ್ತದೆ” ಎಂದರು. ಹಿರಿಯರು ಹೀಗೆ ಏನಾದರೂ ಹೇಳುತ್ತಾರೆ ಎಂದು ನಾನು ತಲೆಯಾಡಿಸಿದೆ. ಹೊನ್ನಾಳಿಯ ಮನೆ ಮುಂದೆ ಗಾಡಿ ನಿಲ್ಲಿಸಿದಾಗ ನನ್ನ ಹೆಂಡತಿ ಪುಷ್ಪ ಸೊಂಟದ ಮೇಲೆ ಕೈಯಿಟ್ಟು ಸುತ್ತ ಒಂದು ಪ್ರದಕ್ಷಿಣೆ ಬಂದಳು. ಅವಳ ಬಳಿ ಗುಂಡಿ ಒತ್ತುವ ಸ್ಕೂಟರ್ ಇದೆ. “ದಿನಾ ಬೆಳಗ್ಗೆ ಒದ್ದು ಎಬ್ಬಿಸಾಕೆ ಮನೇಲಿ ಯಾರೂ ಇಲ್ಲ ಅಂತ ಇದನ್ನ ತಂದ್ರಾ?” ಎಂದಳು. ನಾನು ಸೀಟು ಒರೆಸುತ್ತ ನಕ್ಕೆ. ಯಾಕೆಂದರೆ ಚನ್ನಗಿರಿ ಬಿಟ್ಟು ಎಂಟು ಹತ್ತು ಕಿಲೋಮೀಟರ್ ಬರುವಷ್ಟರಲ್ಲಿ ನನಗೆ ಏನು ಸಿಕ್ಕಿತ್ತೆಂಬುದು ಅವಳಿಗೆ ಗೊತ್ತಿರಲಿಲ್ಲ. ಎದುರಿನಿಂದ ಇಂಥದೇ ಸ್ಕೂಟರಿನಲ್ಲಿ ಬರುತ್ತಿದ್ದ ಬಿಳಿಮೀಸೆಯ ಅಪರಿಚಿತರೊಬ್ಬರು ನನ್ನನ್ನು ನೋಡಿ ಎಡಗೈಯನ್ನು ಭುಜದವರೆಗೆ ಎತ್ತಿ, ಮುಖ ತುಂಬ ನಕ್ಕು ಹೋಗಿದ್ದರು. ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ. ಅವರು ಕೈ ಎತ್ತಿದ್ದು ನನಗೇ.

ಈ ಪದ್ಧತಿಯ ಪರಿಚಯ ನನಗೆ ಮೊದಲೇ ಇತ್ತು. ಜಗಳೂರಿನಲ್ಲಿ ಕೆಲಸಕ್ಕಿದ್ದಾಗ ನಾನು ಬಸ್ಸಿನಲ್ಲಿ ಓಡಾಡುತ್ತಿದ್ದವನು. ಡ್ರೈವರನ ಪಕ್ಕದ ಉದ್ದ ಸೀಟು ನನ್ನದು. ಆ ಕಡೆ ರಸ್ತೆ ನೆಟ್ಟಗೆ, ಮರಗಳು ಕಡಿಮೆ, ಎದುರು ಬರುವ ಬಸ್ಸು ಒಂದು ಮೈಲಿ ದೂರದಿಂದಲೇ ಕಾಣುತ್ತದೆ. ಎದುರಿನ ಬಸ್ಸು ಹತ್ತಿರವಾದಾಗ ನಮ್ಮ ಡ್ರೈವರು ಸ್ಟೇರಿಂಗಿನಿಂದ ಅಂಗೈ ಕದಲಿಸದೆ ನಾಲ್ಕು ಬೆರಳು ಮಾತ್ರ ಎತ್ತುತ್ತಿದ್ದ. ಆ ಕಡೆಯೂ ನಾಲ್ಕು ಬೆರಳು ಏಳುತ್ತಿದ್ದವು. ಲಾರಿ ಬಂದರೆ ಇವನ ಬೆರಳು ಏಳುತ್ತಿರಲಿಲ್ಲ, ಕಾರು ಬಂದರಂತೂ ಹುಬ್ಬು ಕೂಡ ಏಳುತ್ತಿರಲಿಲ್ಲ. “ಅವ್ರು ನಿಮಗೆ ಪರಿಚಯಾನಾ?” ಎಂದು ಒಮ್ಮೆ ಕೇಳಿದೆ. “ಪರಿಚಯ ಎಲ್ಲಿಂದ ಬರಬೇಕು ಸಾರ್? ಅವನೂ ಬಸ್ಸಿನೋನು, ನಾನೂ ಬಸ್ಸಿನೋನು. ಆ ಕಡೆಯಿಂದ ಬರೋನು ನಮ್ಮೋನು ಅಂತ ಗೊತ್ತಾದ್ರೆ ಅರ್ಧ ದಣಿವು ಹೋಗ್ತದೆ. ನಾಳೆ ನನ್ನ ಗಾಡಿ ನಡುದಾರಿಲಿ ನಿಂತ್ರೆ ಇಳಿದು ಬರೋನೂ ಅವನೇ” ಎಂದ. ಎಂಥ ಮಾತು! ಅವತ್ತೇ ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ. ಬರೆದಿಟ್ಟುಕೊಂಡದ್ದು ಅರ್ಧ ಮಾತ್ರ ಎಂಬುದು ಆಮೇಲೆ ಗೊತ್ತಾಯಿತು, ಆ ವಿಷಯಕ್ಕೆ ಬರುತ್ತೇನೆ.

ಬಸ್ಸಿನವರಿಗೆ ಬೆರಳು ಎತ್ತುವುದು ಸುಲಭ. ಗೇರ್ ಸ್ಕೂಟರಿನಲ್ಲಿ ನಮಸ್ಕಾರ ಅಷ್ಟು ಹಗುರವಾದ ಕೆಲಸವಲ್ಲ. ಬಲಗೈ ಎತ್ತಿದರೆ ಎಕ್ಸಲೇಟರ್ ಬಿಟ್ಟಂತಾಗಿ ಗಾಡಿ ಕೆಮ್ಮುತ್ತದೆ. ಎಡಗೈಯಲ್ಲಿ ಕ್ಲಚ್ಚೂ ಇದೆ ಗೇರೂ ಇದೆ. ಗೇರ್ ಬದಲಿಸುವ ಹೊತ್ತಿಗೆ ಎತ್ತಿದರೆ ಗಾಡಿ ಜಿಗಿದು ನಮಸ್ಕಾರ ಮಾಡಿದವನನ್ನೇ ಇಳಿಸಿಬಿಡುತ್ತದೆ. ಆದ್ದರಿಂದ ನಾಲ್ಕನೇ ಗೇರಿಗೆ ಬಿದ್ದ ಮೇಲಷ್ಟೇ ಎಡಗೈ ಸ್ವತಂತ್ರ. ಎದುರು ನಮ್ಮ ಗಾಡಿ ಕಾಣುವಷ್ಟರಲ್ಲಿ ನಾಲ್ಕನೇ ಗೇರಿನಲ್ಲಿರಬೇಕು, ಹಳ್ಳ ಇರಬಾರದು, ಎಮ್ಮೆ ಅಡ್ಡ ಬರಬಾರದು. ಇಷ್ಟೆಲ್ಲ ಕೂಡಿಬಂದು ಎತ್ತಿದ ಕೈ ಅದು. ಅದಕ್ಕಿರುವ ತೂಕ ಮನೆಬಾಗಿಲಲ್ಲಿ ಸುಮ್ಮನೆ ಬೀಸುವ ಕೈಗೆ ಎಲ್ಲಿಂದ ಬರಬೇಕು? ನಾನಂತೂ ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದೆ. ತೀರ ಮೇಲೆತ್ತಿದರೆ ಬಸ್ ನಿಲ್ಲಿಸಲು ಕೈ ಅಡ್ಡ ಹಿಡಿದಂತೆ ಕಾಣುತ್ತದೆ, ತೀರ ಕೆಳಗಾದರೆ ಸೊಳ್ಳೆ ಓಡಿಸಿದಂತೆ. ಕಿವಿಯ ಮಟ್ಟಕ್ಕೆ ತಂದು, ಐದು ಬೆರಳು ಬಿಡಿಸಿ, ಒಂದು ಕ್ಷಣ ಹಾಗೇ ನಿಲ್ಲಿಸಿ ಇಳಿಸಬೇಕು. ಪುಷ್ಪ ನೋಡಿ, “ಎಲೆಕ್ಷನ್‌ಗೆ ನಿಲ್ತೀರೇನು?” ಎಂದಳು. ಎನ್ನಲಿ.

ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ನನ್ನ ದಾರಿಯಲ್ಲಿ ನಮ್ಮಂಥ ಗಾಡಿ ಇನ್ನು ಐದಾರೇ ಉಳಿದಿವೆ. ಗೊಬ್ಬರದಂಗಡಿಯವರದೊಂದು ಕಪ್ಪು, ಮತ್ತೆ ಒಂದೆರಡು ಅಲ್ಲಿ ಇಲ್ಲಿ. ಆದರೆ ದಿನಾ ತಪ್ಪದೆ ಸಿಗುತ್ತಿದ್ದದ್ದು ಗಿಳಿ ಹಸಿರಿನ ಸ್ಕೂಟರ್ ಒಂದೇ. ನಾನು ಆ ಕಡೆ ಹೋಗುವಾಗ ಅವರು ಈ ಕಡೆ. ಬೆಳಿಗ್ಗೆ ಒಂಬತ್ತೂಕಾಲಿಗೆ ಕಾಲುವೆಯ ಮೇಲಿನ ಚಾನಲ್ ಸೇತುವೆಯ ಹತ್ತಿರ ಭೇಟಿ. ಐವತ್ತರ ಆಸುಪಾಸಿನ ಸಣಕಲು ಮನುಷ್ಯ, ಎದೆಯ ಜೇಬಿನಲ್ಲಿ ಒಂದು ಪೆನ್ನು, ಕಾಲ ಬಳಿ ಸದಾ ಒಂದು ಬಟ್ಟೆಯ ಬ್ಯಾಗು. ಅವರ ಕೈ ನನ್ನ ಹಾಗೆ ಗತ್ತಿನದಲ್ಲ. ಮೆಲ್ಲಗೆ ಏಳುತ್ತಿತ್ತು, ತಲೆ ಸ್ವಲ್ಪ ವಾಲುತ್ತಿತ್ತು. ಎರಡು ವರ್ಷ ಹೀಗೆ ನಡೆಯಿತು. ಅವರ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ದನಿ ಕೇಳಿಲ್ಲ. ಆದರೆ ಒಂದು ದಿನ ಅವರು ಕಾಣದಿದ್ದರೆ ನಾನು ಸೇತುವೆಯ ಮೇಲೆ ಗಾಡಿ ನಿಧಾನ ಮಾಡುತ್ತಿದ್ದೆ. ಆ ಒಂದು ಕೈ ಬಿದ್ದರೆ ದಿನವಿಡೀ ಗ್ರಂಥಾಲಯದಲ್ಲಿ ಯಾರೂ ಮುಖ ನೋಡದಿದ್ದರೂ ನಡೆಯುತ್ತಿತ್ತು. ಇದನ್ನು ಪ್ರೀತಿ ಎಂದರೆ ಜಾಸ್ತಿಯಾಯಿತು, ಸ್ನೇಹ ಎಂದರೆ ಕಡಿಮೆಯಾಯಿತು.

ಈಗ ನನ್ನ ಜೀವನದ ಅತ್ಯಂತ ದೊಡ್ಡ ನಮಸ್ಕಾರದ ವಿಷಯ ಹೇಳಬೇಕು. ಒಂದು ಭಾನುವಾರ ಪುಷ್ಪಳ ಚಿಕ್ಕಮ್ಮನ ಮಗಳ ಮನೆಯ ಗೃಹಪ್ರವೇಶ, ಸವಳಂಗದಲ್ಲಿ. ಇಬ್ಬರೂ ನನ್ನ ಸ್ಕೂಟರಿನಲ್ಲೇ ಹೊರಟೆವು. ಚಾನಲ್ ಸೇತುವೆ ಬಂತು. ನೋಡುತ್ತೇನೆ, ಹಸಿರು ಸ್ಕೂಟರ್ ರಸ್ತೆಯ ಬದಿಗೆ ನಿಂತಿದೆ. ಪಕ್ಕದ ಮುಚ್ಚಳ ಬಿಚ್ಚಿ ನೆಲದ ಮೇಲೆ ಇಟ್ಟಿದ್ದಾರೆ. ಗಾಳಿಯಾಡಲಿ ಅಂತ ಇರಬೇಕು. ಮನುಷ್ಯ ಬ್ಯಾಗನ್ನು ಎದೆಗೆ ಅವಚಿಕೊಂಡು ನನ್ನ ದಾರಿಯನ್ನೇ ನೋಡುತ್ತ ನಿಂತಿದ್ದಾರೆ. ನನ್ನನ್ನು ಕಂಡದ್ದೇ ತಡ, ಮುಖ ಅರಳಿತು, ರಸ್ತೆಗೆ ಎರಡು ಹೆಜ್ಜೆ ಮುಂದೆ ಬಂದರು. ನನಗೆ ಎದೆ ತುಂಬಿತು. ನಾಲ್ಕನೇ ಗೇರಿನಲ್ಲೇ ಇದ್ದೆ. ಕೈಯನ್ನು ಕಿವಿಗಿಂತ ಒಂದು ಗೇಣು ಮೇಲಕ್ಕೇ ಎತ್ತಿದೆ, ಐದೂ ಬೆರಳು ಬಿಡಿಸಿದೆ, ಜೊತೆಗೆ ಎರಡು ಸಲ ಹಾರನ್ ಕೂಡ ಹೊಡೆದೆ. ದಾಟಿದ ಮೇಲೆ ಹಿಂದೆ ಕೂತಿದ್ದ ಪುಷ್ಪಳಿಗೆ, “ನೋಡಿದ್ಯಾ? ನನಗೆ ಕೈ ಎತ್ತಾಕೆ ಅಂತಲೇ ಗಾಡಿ ನಿಲ್ಲಿಸಿ ಕಾಯ್ಕೊಂಡು ನಿಂತಿದ್ರು. ಯಾರಿಗೈತೆ ಈ ಮರ್ಯಾದೆ?” ಎಂದೆ. ಅವಳು ಏನೋ ಹೇಳಿದಳು. ಗಾಳಿಗೆ ಕೇಳಿಸಲಿಲ್ಲ. ಹೊಗಳಿರಬೇಕೆಂದುಕೊಂಡು ಸವಳಂಗದವರೆಗೂ ಶಿಳ್ಳೆ ಹಾಕುತ್ತ ಹೋದೆ.

ಮರುದಿನ ಸೋಮವಾರ, ಒಂಬತ್ತೂಕಾಲು, ಸೇತುವೆ. ನಾನು ಕೈ ಎತ್ತಿದೆ. ಅವರು ಎತ್ತಲಿಲ್ಲ. ಕಣ್ಣಿಗೆ ಹುಳ ಬಿದ್ದಿರಬೇಕು ಎಂದುಕೊಂಡೆ. ಮಂಗಳವಾರ ಎತ್ತಲಿಲ್ಲ, ದಿನವೂ ಹುಳ ಬೀಳುವುದಿಲ್ಲ. ಬುಧವಾರ ಸ್ವಲ್ಪ ಮೊದಲೇ ಎತ್ತಿ ಹಾಗೇ ಹಿಡಿದುಕೊಂಡು ಹೋದೆ. ಅವರು ಎದುರಿನ ಆಲದಮರ ನೋಡುತ್ತ ಹೋದರು, ಅದು ಅಲ್ಲಿ ಇವತ್ತೇ ಹುಟ್ಟಿತೇನೋ ಎಂಬಂತೆ. ಗುರುವಾರ ಹಾರನ್ ಹೊಡೆದೆ. ಶುಕ್ರವಾರ ತಲೆಕೆಟ್ಟು ಎರಡೂ ಕೈ ಎತ್ತಿದೆ. ಸ್ಕೂಟರ್ ತನ್ನ ಪಾಡಿಗೆ ತಾನು ಚಾನಲ್ ಕಡೆ ಹೊರಟಿತು. ದಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು “ಅಯ್ಯಯ್ಯೋ, ಹಿಡ್ಕಳ್ರೀ!” ಎಂದು ಕೂಗದಿದ್ದರೆ ಈ ಪ್ರಬಂಧವನ್ನು ಬೇರೆ ಯಾರಾದರೂ ಬರೆಯಬೇಕಾಗುತ್ತಿತ್ತು. ಆಗಲೂ ಆ ಮನುಷ್ಯ ತಿರುಗಿ ನೋಡಲಿಲ್ಲ.

ಒಂದು ತಿಂಗಳು ನಾನು ಮನುಷ್ಯನಾಗಿರಲಿಲ್ಲ. ಗ್ರಂಥಾಲಯದಲ್ಲಿ ಕತೆ ಪುಸ್ತಕಗಳನ್ನು ಕೃಷಿಯ ಕಪಾಟಿಗೆ ಸೇರಿಸಿದೆ. ಪುಟ ತಿರುಗಿಸುವ ಸದ್ದು ಜೋರಾಯಿತೆಂದು ಪಾಪದ ಮುದುಕರೊಬ್ಬರ ಮೇಲೆ ರೇಗಿದೆ. ರೊಟ್ಟಿ ಸೇರಲಿಲ್ಲ. ಎರಡು ವರ್ಷದ ನಮಸ್ಕಾರಕ್ಕೆ ಏನಾಯಿತು? ನಾನೇನು ಮಾಡಿದೆ? ಅಷ್ಟು ದೊಡ್ಡ ನಮಸ್ಕಾರ ಮಾಡಿದ ಮರುದಿನವೇ ಹೀಗಾಗಬೇಕೆ? ಅವರಿಗೆ ಜಂಬ ಬಂದಿದೆ, ಅಷ್ಟೆ ಎಂದು ತೀರ್ಮಾನಿಸಿದೆ. ಪುಷ್ಪಳ ಮುಂದೆ ಹೇಳಿಕೊಂಡೆ. ಅವಳು ತಟ್ಟೆಯನ್ನು ನನ್ನ ಕಡೆ ತಳ್ಳಿ, “ಹೆಸರು ಕುಲ ಗೊತ್ತಿಲ್ಲದೋರು ಕೈ ಎತ್ತಲಿಲ್ಲ ಅಂತ ಊಟ ಬಿಡ್ತೀರಲ್ಲ, ದಿನಾ ಬೆಳಗ್ಗೆ ನಾನು ಗೇಟಿನ ಹತ್ರ ನಿಂತು ಕೈ ಬೀಸ್ತೀನಿ, ಅದು ನಿಮ್ಮ ಕಣ್ಣಿಗೆ ಬೀಳಾಕಿಲ್ವಾ?” ಎಂದಳು. “ಆಗ ನಾನು ಮೊದಲನೇ ಗೇರಿನಲ್ಲಿರ್ತೀನಿ ಪುಷ್ಪಾ” ಎಂದೆ. ಅವಳು ತಟ್ಟೆ ವಾಪಸ್ ತಗೊಂಡಳು.

ಕಡೆಗೆ ಬ್ರೇಕಿನ ತಂತಿ ಬಿಗಿ ಮಾಡಿಸುವ ನೆಪದಲ್ಲಿ ಹೊನ್ನಾಳಿಯ ಮೆಕ್ಯಾನಿಕ್ ಇಮ್ತಿಯಾಜ್ ಭಾಯಿಯ ಬಳಿ ಹೋದೆ. ನಮ್ಮ ಜಾತಿಯ ಸ್ಕೂಟರುಗಳ ನಾಡಿ ಹಿಡಿಯಬಲ್ಲವರು ಈ ಸುತ್ತಿನಲ್ಲಿ ಅವರೊಬ್ಬರೇ. “ಭಾಯ್, ಆ ಗಿಳಿ ಹಸಿರು ಗಾಡಿ ಯಾರದು?” ಎಂದೆ. “ಹಾಲೇಶಪ್ಪಂದು ಸಾರ್. ಟೈಲರ್. ಸವಳಂಗದೋನು, ಅಂಗಡಿ ಇಲ್ಲೇ ಐತೆ, ಹಳೇ ಬಸ್‌ಸ್ಟ್ಯಾಂಡ್ ಹಿಂದೆ. ಪಾಪ, ಹೋದ ತಿಂಗಳು ಅವನಿಗೆ ಆಗಬಾರದ್ದು ಆಗಿಹೋಯ್ತು” ಎಂದರು. ಏನು ಎಂದೆ. ಭಾಯಿ ಕೈಯ ಗ್ರೀಸ್ ಒರೆಸಿಕೊಳ್ಳುತ್ತ ಹೇಳಿದರು. “ಒಂದು ಮದುವೆ ಹುಡುಗಿ ಧಾರೆ ಬ್ಲೌಸು ಹೊಲಿದಿದ್ದ. ಭಾನುವಾರ ಮುಹೂರ್ತ, ಇಲ್ಲೇ ಹೊನ್ನಾಳಿ ಛತ್ರದಾಗೆ. ಬೆಳಗ್ಗೆ ತರ್ತಾ ಇದ್ದ, ಚಾನಲ್ ಸೇತುವೆ ಹತ್ರ ಗಾಡಿ ನಿಂತುಬಿಡ್ತು. ಪ್ಲಗ್ಗಿಗೆ ಮಸಿ ಕಟ್ಟಿದ್ದು, ಅಷ್ಟೇ. ಪಾನಾ ಇದ್ದಿದ್ರೆ ಐದು ನಿಮಿಷದ ಕೆಲಸ ಸಾರ್. ಅಷ್ಟರಾಗೆ ನಿಮ್ಮಂಥದೇ ಗಾಡಿಯೋನು ಒಬ್ಬ ಬಂದ. ಇವನು ‘ಬದುಕಿದೆ’ ಅಂದ್ಕೊಂಡು ರಸ್ತೆಗೆ ಓಡಿ ಬಂದ್ರೆ, ಅವನು ಮಂತ್ರಿ ಹಂಗೆ ಕೈ ಎತ್ತಿ, ಪೇಂ ಪೇಂ ಅಂತ ಹಾರನ್ ಬೇರೆ ಹೊಡ್ಕೊಂಡು ಹೋಗೇಬಿಟ್ನಂತೆ! ಹಾಲೇಶಪ್ಪ ಕೊನೆಗೆ ಹಾಲಿನ ಗಾಡಿ ಹತ್ತಿ ಬರೋ ಹೊತ್ತಿಗೆ ಅಕ್ಷತೆ ಬಿದ್ದಾಗಿತ್ತು. ಹುಡುಗಿ ಅಕ್ಕನ ಬ್ಲೌಸಿಗೆ ಪಿನ್ ಹಾಕ್ಕೊಂಡು ಧಾರೆಗೆ ನಿಂತಿದ್ಲಂತೆ. ಅವರಮ್ಮ ಎಲ್ಲರ ಎದುರಿಗೂ ಇವನಿಗೆ ಬಾಯಿಗೆ ಬಂದಂಗೆ ಬೈದ್ರು. ಆಮೇಲೆ ಮದುವೆ ಬ್ಲೌಸು ಅಂತ ಒಬ್ಬರೂ ಅವನ ಅಂಗಡಿ ಹತ್ತಿಲ್ಲ ಸಾರ್.”

ನನ್ನ ರಕ್ತ ಕುದಿಯಿತು. ನಾನು ಕೂತಿದ್ದ ಹಳೇ ಟೈರಿನಿಂದ ಎದ್ದು ನಿಂತೆ. “ಎಂಥ ಮನುಷ್ಯ ಭಾಯ್ ಅವನು! ನಮ್ಮ ಗಾಡಿ ಇಟ್ಕೊಂಡು ಹಿಂಗೆ ಮಾಡ್ತಾನಂದ್ರೆ! ನಿಂತೋನ ಮುಂದೆ ಹಾರನ್ ಹೊಡ್ಕೊಂಡು ಹೋಗ್ತಾನಂದ್ರೆ ಅವನಿಗೆ ಎದೆ ಅನ್ನೋದು ಐತಾ? ಇಂಥೋರ ಗಾಡಿ ಕಿತ್ಕಬೇಕು ಭಾಯ್. ಆ ಕಪ್ಪು ಗಾಡಿ ಗೊಬ್ಬರದಂಗಡಿಯವನೇ ಇರಬೇಕು. ಅವನ ಮುಖ ನೋಡಿದ್ರೇ ಗೊತ್ತಾಗ್ತದೆ” ಎಂದೆ. ಇಮ್ತಿಯಾಜ್ ಭಾಯಿ ನನ್ನ ಮುಖ ಒಂದು ಸಲ ನೋಡಿದರು, ನನ್ನ ಸ್ಕೂಟರನ್ನು ಒಂದು ಸಲ ನೋಡಿದರು. “ಇರಬಹುದು ಸಾರ್” ಎಂದು ತಲೆ ಬಗ್ಗಿಸಿ ತಂತಿ ಬಿಗಿ ಮಾಡತೊಡಗಿದರು. ಒಂದು ತಂತಿಯನ್ನು ಅಷ್ಟು ಹೊತ್ತು ಬಿಗಿ ಮಾಡಿದ್ದನ್ನು ನಾನು ಎಲ್ಲೂ ನೋಡಿಲ್ಲ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಪುಷ್ಪಳಿಗೆ ಎಲ್ಲ ಹೇಳಿದೆ. ಗೊಬ್ಬರದಂಗಡಿಯವನಿಗೆ ನಾಳೆಯೇ ಹೋಗಿ ನಾಲ್ಕು ಮಾತು ಬಿಸಿಬಿಸಿಯಾಗಿ ಹೇಳುತ್ತೇನೆ ಎಂದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಂತಿತು. “ಯಾವತ್ತಂತೆ?” ಎಂದಳು. “ಹೋದ ತಿಂಗಳು, ಭಾನುವಾರ.” “ಎಲ್ಲಂತೆ?” “ಚಾನಲ್ ಸೇತುವೆ ಹತ್ರ.” “ಗಾಡಿ ಯಾವ ಬಣ್ಣದ್ದು?” “ಗಿಳಿ ಹಸಿರು ಅಂತ ಹೇಳಿದ್ನಲ್ಲೇ!” ಅವಳು ಒಂದು ಅವರೆಕಾಳನ್ನು ಪಾತ್ರೆಗೆ ಹಾಕಿದಳು. “ರೀ, ಅವತ್ತು ಚಿಕ್ಕಮ್ಮನ ಮಗಳ ಮನೆಗೆ ಯಾವ ದಾರೀಲಿ ಹೋದ್ವಿ?” ಎಂದಳು. ನಾನು ಒಂದು ಚಪ್ಪಲಿ ಬಿಟ್ಟೆ. ಇನ್ನೊಂದು ಹಾಗೇ ಉಳಿಯಿತು. “ಅವತ್ತೇ ಹೇಳಿದೆ, ‘ಪಾಪ, ಗಾಡಿ ಕೆಟ್ಟಂಗೈತೆ, ನಿಲ್ಸ್ರಿ’ ಅಂತ. ನೀವು ಶಿಳ್ಳೆ ಹಾಕ್ತಿದ್ರಿ.”

ಒಂದು ಚಪ್ಪಲಿ ಕಾಲಲ್ಲಿ, ಒಂದು ಹೊರಗೆ, ಹಾಗೇ ಬಾಗಿಲಲ್ಲಿ ಕೂತೆ. ಬಿಚ್ಚಿಟ್ಟಿದ್ದ ಮುಚ್ಚಳ ಕಣ್ಣ ಮುಂದೆ ಬಂತು. ಎದೆಗೆ ಅವಚಿಕೊಂಡಿದ್ದ ಬ್ಯಾಗು ಬಂತು. ಆ ಅರಳಿದ ಮುಖ ಬಂತು. ಅದು ನನ್ನನ್ನು ಕಂಡ ಸಂತೋಷವಲ್ಲ, ನಮ್ಮೋನು ಬಂದ, ಇನ್ನು ಭಯವಿಲ್ಲ ಎಂಬ ಸಮಾಧಾನ. ಜಗಳೂರಿನ ಡ್ರೈವರು ಹೇಳಿದ ಮಾತಿನ ಇನ್ನರ್ಧ ಆಗ ನೆನಪಾಯಿತು. ಕೈ ಎತ್ತುವುದೆಂದರೆ ನಾಳೆ ಇಳಿದು ಬರುತ್ತೇನೆಂದು ಮಾತು ಕೊಟ್ಟ ಹಾಗೆ. ನಾನು ಎರಡು ವರ್ಷ ದಿನಾ ಮಾತು ಕೊಟ್ಟೆ, ಕೇಳಿದ ದಿನ ಹಾರನ್ ಹೊಡೆದೆ. ನಾಚಿಕೆಯಾಯಿತು. ಹೇಳಿಕೊಳ್ಳಲಾರದಷ್ಟು ನಾಚಿಕೆಯಾಯಿತು. ಪುಷ್ಪ ಒಳಗೆ ಹೋಗಿ ಮೂರು ಬ್ಲೌಸ್ ಪೀಸು, ಅಳತೆಗೊಂದು ಹಳೇ ಬ್ಲೌಸು ತಂದು ನನ್ನ ತೊಡೆಯ ಮೇಲಿಟ್ಟಳು. “ಗೊಬ್ಬರದಂಗಡಿಗೆ ಆಮೇಲೆ ಹೋಗ್ರಿ. ಮೊದಲು ಇದನ್ನ ಕೊಟ್ಟು ಬರ್ರಿ. ತಪ್ಪಾಯ್ತು ಅನ್ನಾಕೆ ಬಾಯಿ ಬರದಿದ್ರೆ ಬ್ಲೌಸಿನ ಮಾತಾದ್ರೂ ಆಡ್ರಿ” ಎಂದಳು.

ಹಾಲೇಶಪ್ಪನವರ ಅಂಗಡಿ ಚಿಕ್ಕದು, ಒಂದು ಮಿಷನ್ನು, ಒಂದು ಸ್ಟೂಲು. ಕೊರಳಲ್ಲಿ ಟೇಪು ಹಾಕಿಕೊಂಡು ಗುಂಡಿ ಹಚ್ಚುತ್ತಿದ್ದರು. ಎರಡು ವರ್ಷದಲ್ಲಿ ಮೊದಲ ಸಲ ನಾವು ನಿಂತು ಒಬ್ಬರನ್ನೊಬ್ಬರು ನೋಡಿದ್ದು. ಇಬ್ಬರಿಗೂ ಗುರುತು ಸಿಕ್ಕಿತು. ಅವರು ಬ್ಲೌಸ್ ಪೀಸು ತೆಗೆದುಕೊಂಡು, ಹಳೇ ಬ್ಲೌಸಿನ ತೋಳು ಅಳೆದು, ಚೀಟಿಯಲ್ಲಿ ಬರೆದುಕೊಂಡರು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಅಂಗಡಿಯ ಮೆಟ್ಟಿಲಲ್ಲೇ ಉದುರಿಹೋಗಿತ್ತು. ಕಡೆಗೆ ಬಾಯಿಗೆ ಬಂದದ್ದು, “ಅವತ್ತು... ನಾನು... ನೀವು ಗಾಡಿ ಗಾಳಿಗೆ ಇಟ್ಟೀರಿ ಅಂದ್ಕೊಂಡೆ” ಎಂಬುದು. ಹಾಲೇಶಪ್ಪ ಪೆನ್ನು ಜೇಬಿಗೆ ಸಿಕ್ಕಿಸಿಕೊಂಡರು. “ಗಾಡಿ ಏನು ಹಪ್ಪಳಾನಾ ಸಾರ್, ಗಾಳಿಗೆ ಇಡಾಕೆ?” ಎಂದರು. “ತಪ್ಪಾಯ್ತು ಹಾಲೇಶಪ್ಪನವ್ರೇ” ಎಂದೆ. ಅವರು ಚೀಟಿಯನ್ನು ಬಟ್ಟೆಗೆ ಪಿನ್ ಮಾಡಿ, “ಬುಧವಾರ ಕೊಡ್ತೀನಿ. ದಾರಿಲಿ ಗಾಡಿ ಕೆಟ್ರೆ ಹೇಳಾಕಾಗಲ್ಲ” ಎಂದು ಮತ್ತೆ ಗುಂಡಿಗೆ ತಲೆ ಬಗ್ಗಿಸಿದರು. ಮರುದಿನ ಸೇತುವೆಯಲ್ಲಿ ನಾನು ಅರ್ಧ ಕೈ ಎತ್ತಿದೆ. ಅವರು ಆಲದಮರ ನೋಡಿದರು. ಬ್ಲೌಸುಗಳೇನೋ ಬುಧವಾರವೇ ಬಂದವು. ಹೊಲಿಗೆ ಎಷ್ಟು ಚೆನ್ನಾಗಿತ್ತೆಂದರೆ ಪುಷ್ಪ ನಮ್ಮ ಬೀದಿಯ ನಾಲ್ಕು ಮನೆಗೆ ಹೋಗಿ ತೋರಿಸಿ ಬಂದಳು. ಆ ಪೈಕಿ ಒಂದು ಮನೆಯಲ್ಲಿ ಮದುವೆ ಇತ್ತು. ಇದು ಅವಳು ಮಾಡಿದ ಕೆಲಸ. ನಾನು ಮಾಡಿದ್ದು ಅಂತ ಹೇಳಿಕೊಳ್ಳಲು ಏನೂ ಇಲ್ಲ.

ಇನ್ನೊಂದು ಹದಿನೈದು ದಿನ ಕಳೆದಿರಬೇಕು. ಬೆಳಿಗ್ಗೆ ಸೇತುವೆಗೆ ಇನ್ನೂ ಅರ್ಧ ಫರ್ಲಾಂಗ್ ಇರುವಾಗ ನನ್ನ ಸ್ಕೂಟರ್ ಎರಡು ಸಲ ಬಿಕ್ಕಿ ನಿಂತಿತು. ಓರೆ ಮಾಡಿದೆ, ಒದ್ದೆ, ಬೇಡಿಕೊಂಡೆ. ಕೇಳಲಿಲ್ಲ. ಡಿಕ್ಕಿಯ ಗಂಟು ನೆನಪಾಯಿತು. ಬಿಚ್ಚಿ ಪ್ಲಗ್ಗು, ಪಾನಾ, ಉಪ್ಪುಕಾಗದ ಸೀಟಿನ ಮೇಲೆ ಸಾಲಾಗಿ ಜೋಡಿಸಿದೆ. ನಮ್ಮ ಗ್ರಂಥಾಲಯದಲ್ಲಿ ದ್ವಿಚಕ್ರ ವಾಹನ ರಿಪೇರಿಯ ಮೇಲೆ ಮೂರು ಪುಸ್ತಕಗಳಿವೆ. ಅವು ಯಾವ ಕಪಾಟಿನಲ್ಲಿವೆ ಎಂಬುದು ನನಗೆ ಗೊತ್ತು, ಅವುಗಳಲ್ಲಿ ಏನಿದೆ ಎಂಬುದು ಗೊತ್ತಿಲ್ಲ. ಅಷ್ಟರಲ್ಲಿ ಪರಿಚಯದ ಸದ್ದು. ಗಿಳಿ ಹಸಿರು. ನಾನು ಪಾನಾ ಹಿಡಿದ ಕೈಯನ್ನು ಮೇಲೆತ್ತಿಕೊಂಡು ರಸ್ತೆಗೆ ಎರಡು ಹೆಜ್ಜೆ ಮುಂದೆ ಬಂದೆ. ನನ್ನ ಮುಖವೂ ಅರಳಿತ್ತು, ಅದು ನನಗೇ ಗೊತ್ತಾಗುತ್ತಿತ್ತು. ಹಾಲೇಶಪ್ಪ ನನ್ನನ್ನು ನೋಡಿದರು. ಎಡಗೈಯನ್ನು ಕಿವಿಗಿಂತ ಒಂದು ಗೇಣು ಮೇಲಕ್ಕೆ ಎತ್ತಿದರು, ಐದೂ ಬೆರಳು ಬಿಡಿಸಿದರು, ಪೇಂ ಪೇಂ ಎಂದು ಎರಡು ಸಲ ಹಾರನ್ ಹೊಡೆದು, ಸೊಯ್ಯನೆ ಹೋಗೇಬಿಟ್ಟರು.

ನನ್ನ ಕೈ ಮೇಲೇ ಉಳಿಯಿತು. ಬೈಯಬೇಕೆನಿಸಲಿಲ್ಲ. ಬೈಯಲು ನನಗೆ ಯಾವ ಮುಖವಿತ್ತು? ಗಾಡಿ ತಳ್ಳಿಕೊಂಡು ಹೊರಡೋಣವೆಂದು ಸ್ಟ್ಯಾಂಡ್ ತೆಗೆದೆ. ಆಗ ಹಿಂದೆ ಆ ಸದ್ದು ಮತ್ತೆ ಕೇಳಿತು. ಹಸಿರು ಸ್ಕೂಟರ್ ತಿರುಗಿಕೊಂಡು ಬಂದು ನನ್ನ ಪಕ್ಕ ನಿಂತಿತು. ಹಾಲೇಶಪ್ಪ ಇಳಿದರು. ನಗು ತಡೆಯಲಾಗದೆ ಭುಜ ಕುಣಿಯುತ್ತಿತ್ತು. “ಹೆಂಗೆ ಬಂತು ಸಾರ್?” ಎಂದರು. “ಏನು?” “ನಾನು ಕೈ ಎತ್ತಿದ್ದು. ನಿಮ್ಮಂಗೇ ಬಂತಾ? ಅಂಗಡೀಲಿ ಪ್ರಾಕ್ಟೀಸ್ ಮಾಡಿದೀನಿ.” “ನಿಮ್ಮದೇ ಚೆನ್ನಾಗಿತ್ತು” ಎಂದೆ. “ಇಲ್ಲ ಬಿಡ್ರಿ, ನಿಮ್ಮಷ್ಟು ಗತ್ತು ನಮಗೆಲ್ಲಿ ಬರ್ತದೆ” ಎನ್ನುತ್ತ ನನ್ನ ಕೈಯಿಂದ ಪಾನಾ ತೆಗೆದುಕೊಂಡು ಕುಕ್ಕರಗಾಲಲ್ಲಿ ಕೂತರು. ಪ್ಲಗ್ಗು ಬಿಚ್ಚಿ ಉಪ್ಪುಕಾಗದದಲ್ಲಿ ತಿಕ್ಕತೊಡಗಿದವರು ಕೈ ನಿಲ್ಲಿಸಿ ಗಂಟಿನ ಬಟ್ಟೆಯನ್ನು ನೋಡಿದರು. “ಈ ಪಾನಾ ಅವತ್ತೂ ಡಿಕ್ಕಿಯಲ್ಲೇ ಇತ್ತಾ ಸಾರ್?” ಎಂದರು. “ಇತ್ತು” ಎಂದೆ. ಅವರು ಪ್ಲಗ್ಗನ್ನು ಇನ್ನೊಮ್ಮೆ ತಿಕ್ಕಿ ಊದಿದರು. “ನಂದೂ ಒಂದಿತ್ತು. ಅದಕ್ಕಿಂತ ಹಿಂದಿನ ವಾರ ದಾರಿಲಿ ಯಾರದೋ ಗಾಡಿ ನಿಂತಿತ್ತು, ಅವ್ರಿಗೆ ಕೊಟ್ಟು ಬಂದಿದ್ದೆ” ಎಂದು ಪ್ಲಗ್ಗು ಕೂರಿಸಿ ಒಂದೇ ಒದೆಗೆ ಗಾಡಿ ಎಬ್ಬಿಸಿದರು. ನನ್ನ ಪಾನಾವನ್ನು ಅವರ ಕೈಯಲ್ಲೇ ಇಟ್ಟು ಮುಷ್ಟಿ ಮುಚ್ಚಿಸಿದೆ. ನಾನು ಬೇರೊಂದು ಕೊಂಡೆ.

ಈಗ ಒಂಬತ್ತೂಕಾಲಿಗೆ ಸೇತುವೆಯಲ್ಲಿ ಎರಡು ಕೈ ಏಳುತ್ತವೆ. ಬೆಳಿಗ್ಗೆ ಗೇಟಿನ ಹತ್ತಿರ ಮೊದಲನೇ ಗೇರಿನಲ್ಲೇ ಒಂದು ಕೈ ಎತ್ತುತ್ತೇನೆ. ಗಾಡಿ ಜಿಗಿಯುತ್ತದೆ, ಪುಷ್ಪ ನಗುತ್ತಾಳೆ, ಆಗಲಿ. ಜೊತೆಗೆ ನಾನೊಂದು ನಿಯಮ ಮಾಡಿಕೊಂಡಿದ್ದೇನೆ. ಓಡುವ ಗಾಡಿಗೆ ಕೈ ಎತ್ತುತ್ತೇನೆ, ನಿಂತ ಗಾಡಿ ಕಂಡರೆ ಬ್ರೇಕ್ ಹಾಕುತ್ತೇನೆ. ಬಣ್ಣ, ಜಾತಿ ನೋಡುವುದಿಲ್ಲ. ಇದರಿಂದ ಗ್ರಂಥಾಲಯದ ಬಾಗಿಲು ತೆಗೆಯುವುದು ಒಂದೊಂದು ದಿನ ಹತ್ತು ನಿಮಿಷ ತಡವಾಗುತ್ತದೆ, ಬಾಗಿಲಲ್ಲಿ ಕಾದು ನಿಂತವರು ಸಿಟ್ಟಿನಿಂದಲಾದರೂ ನನ್ನ ಮುಖ ನೋಡುತ್ತಾರೆ. ಮೊನ್ನೆ ನ್ಯಾಮತಿ ಇನ್ನೇನು ಬಂತು ಎನ್ನುವಾಗ ಕಪ್ಪು ಸ್ಕೂಟರೊಂದು ಬದಿಯಲ್ಲಿ ನಿಂತಿತ್ತು. ನೋಡಿದರೆ ಗೊಬ್ಬರದಂಗಡಿಯವರದೇ. ಸುಮ್ಮಸುಮ್ಮನೆ ಅವರ ಮೇಲೆ ಹೊರಿಸಿದ್ದ ಅಪವಾದಕ್ಕೆ ಇದೇ ಪ್ರಾಯಶ್ಚಿತ್ತ ಎಂದುಕೊಂಡು ಗಾಡಿ ನಿಲ್ಲಿಸಿ, ಗಂಟು ಬಿಚ್ಚಿ, ಪಾನಾ ಹಿಡಿದು, ಬೇಲಿಯ ಕಡೆ ಮುಖ ಮಾಡಿ ನಿಂತಿದ್ದ ಅವರ ಬೆನ್ನ ಹಿಂದೆ ಹೋದೆ. “ಏನಾಗೈತ್ರೀ? ಪ್ಲಗ್ಗಾ? ಹೆದರಬ್ಯಾಡ್ರಿ, ನಾನು ಬಂದೀನಿ” ಎಂದು ದೊಡ್ಡ ದನಿಯಲ್ಲಿ ಧೈರ್ಯ ಹೇಳಿದೆ. ಅವರು ತಿರುಗಲಿಲ್ಲ. ತಿರುಗುವ ಸ್ಥಿತಿಯಲ್ಲಿ ಇರಲಿಲ್ಲ. ಒಂದು ಕೈ ಮಾತ್ರ ಕಿವಿಯವರೆಗೆ ಎತ್ತಿದರು.